ಸೇದೋ ಬಾವಿ ಓಣಿ, ಬಳ್ಳಾರಿ

ಕಳೆದ ಜುಲೈ 26ರ ಸಂಜೆ, ಕಾರ್ಗಿಲ್ ವಿಜಯ ದಿನದ ಕಾರ್ಯಕ್ರಮ ಮುಗಿಸಿಕೊಂಡು ನಮ್ಮ ಓಣಿಯ ನಾಲ್ಕೈದು ಹುಡುಗರು ಮನೆಗೆ ಬಂದರು. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು ಎಂಬ ಒಂದೇ ಕಾರಣಕ್ಕೆ ಈ ಓಣಿಯ ಅರ್ಜಿಗಳೆಲ್ಲ, ನಲ್ಲಿ ನೀರಿನದಿರಲಿ, ಬೀದಿ ದೀಪದ್ದಿರಲಿ, ನನ್ನ ಪಾಲಿಗೇ ಬರುತ್ತವೆ. ಈ ಸಲದ ಅರ್ಜಿ ಬೇರೆ ತರಹದ್ದಾಗಿತ್ತು. ವರ್ಷದ ಹಿಂದೆ ತೀರಿಕೊಂಡ ನಮ್ಮ ಓಣಿಯ ಹವಾಲ್ದಾರರ ಹೆಸರನ್ನು ಓಣಿಗೆ ಇಡಬೇಕು, ಎರಡೂ ತುದಿಗೆ ಫಲಕ ನಿಲ್ಲಬೇಕು, ಪಾಲಿಕೆಗೆ ಮನವಿ ಹೋಗಬೇಕು ಎಂದರು. 'ಅಕ್ಕಾ, ಒಂದು ಪುಟ ಸಾಕು, ಆದ್ರೆ ಓದಿದೋರ ಮೈ ಜುಮ್ ಅನ್ಬೇಕು' ಎಂದು ಅವರಲ್ಲೊಬ್ಬ ಹೇಳಿದ. ಅರ್ಧ ಗಂಟೆಯ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಇದನ್ನು ಬರೆಯುವ ಹೊತ್ತಿಗೆ ಆ ಮನವಿಯ ಮೂರನೆಯ ಕರಡು ನನ್ನ ಮೇಜಿನ ಮೇಲಿದೆ, ಮೊದಲಿನ ಎರಡನ್ನೂ ನಾನೇ ಹರಿದು ಹಾಕಿದ್ದೇನೆ.

ಹವಾಲ್ದಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಮಂಜೂರಾಗಿ ಫಲಕದ ಮೇಲೆ ಬಂದರೆ ಬರಲಿ, ಅಲ್ಲಿಯವರೆಗೆ ಬೇಡ ಎಂದು ಮನೆಯವರು ಹೇಳಿದ್ದಾರೆ. ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ದೊಡ್ಡವರಿಗೆ ಅವರು ಮಿಲ್ಟ್ರಿಯವರು, ನಮ್ಮ ವಾರಿಗೆಯವರಿಗೆ ಮಿಲ್ಟ್ರಿ ಮಾಮ, ಈಗಿನ ಮಕ್ಕಳಿಗೆ ಮಿಲ್ಟ್ರಿ ತಾತ. 1945ರಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, 1964ರಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿ, 1988ರಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದವರು. ಆಮೇಲೆ ಎಲ್ಲ ನಿವೃತ್ತ ಸೈನಿಕರ ಹಾಗೆ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕುಳಿತು ವರ್ಷಗಳನ್ನು ಕಳೆದರು.

ಮೊದಲ ಕರಡಿನಲ್ಲೇ ಒಂದು ಪದ ನನ್ನನ್ನು ತಡೆಯಿತು. 'ಮಾಜಿ ಸೈನಿಕ' ಎಂದು ಬರೆದೆ. ಮಾಜಿ ಎಂಬ ಪದವನ್ನು ನಾವು ಹೆಚ್ಚಾಗಿ ಕೇಳುವುದು ಚುನಾವಣೆಯಲ್ಲಿ ಸೋತವರ ಹೆಸರಿನ ಮುಂದೆ, ಆದ್ದರಿಂದ ಅದಕ್ಕೆ ಒಂದು ಬಗೆಯ ಸೋಲಿನ ವಾಸನೆ ಅಂಟಿಕೊಂಡಿದೆ. ಹುಡುಗರಿಗೂ ಅದು ಹಿಡಿಸಲಿಲ್ಲ. ಒಬ್ಬ 'ವೀರಯೋಧ' ಎಂದು ತಿದ್ದಿದ. ಇನ್ನೊಬ್ಬ ಒಂದು ಹೆಜ್ಜೆ ಮುಂದೆ ಹೋಗಿ 'ಹುತಾತ್ಮ' ಎಂದು ಬರೆದರೆ ಅರ್ಜಿಗೆ ತೂಕ ಬರುತ್ತದೆ ಎಂದ. ಅವರು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ತಮ್ಮ ಮನೆಯ ಮಂಚದ ಮೇಲೆ, ಮಧ್ಯಾಹ್ನದ ಊಟ ಮಾಡಿ ಮಲಗಿದಲ್ಲೇ ಹೋದವರು, ಹುತಾತ್ಮ ಹೇಗಾಗುತ್ತಾರೆ ಎಂದು ಕೇಳಿದೆ. ಅವನು ಸುಮ್ಮನಾದ, ಆದರೆ ಅವನ ಮುಖದಲ್ಲಿ ಒಂದು ಸಣ್ಣ ನಿರಾಸೆ ಕಂಡಿತು, ಮಿಲ್ಟ್ರಿ ತಾತ ಯುದ್ಧದಲ್ಲೇ ಹೋಗಿದ್ದರೆ ಈ ಅರ್ಜಿ ಇಷ್ಟು ಕಷ್ಟವಾಗುತ್ತಿರಲಿಲ್ಲ ಎನ್ನುವ ಹಾಗೆ.

ಅವನನ್ನು ದೂರಿ ಪ್ರಯೋಜನವಿಲ್ಲ, ಇದು ನಮ್ಮಲ್ಲಿ ಹಳೆಯ ರೂಢಿ. ನಮ್ಮ ಸೀಮೆಯಲ್ಲಿ ಊರೂರಿಗೆ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಲಿಂಗದ ಮುಂದೆ ಕುಳಿತ ವೀರ. ಊರಿನ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೆ ಕಲ್ಲು ನಿಂತಿತು. ಅದೇ ಕಾದಾಟದಲ್ಲಿ ಹೋರಾಡಿ, ದನಗಳನ್ನು ಹೊಡೆದುಕೊಂಡು ಮನೆಗೆ ಬಂದು, ಇನ್ನೂ ನಲವತ್ತು ವರ್ಷ ಬದುಕಿದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಫಲಕಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಎಲ್ಲವೂ ಮರಳಿ ಬಾರದವರ ಹೆಸರುಗಳು. ಹಾಗೇ ಇರಬೇಕು, ಅದರಲ್ಲಿ ತಪ್ಪೇನಿಲ್ಲ. ಮರಳಿ ಬಂದವರಿಗೂ ಒಂದು ದಿನವಿದೆ. ಜನವರಿ 14, ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ದಿನ, ಈಗ ನಿವೃತ್ತ ಸೈನಿಕರ ದಿನ. ಸಂಕ್ರಾಂತಿಯ ಎಳ್ಳುಬೆಲ್ಲದ ಗದ್ದಲದಲ್ಲಿ ಅದು ಬಂದು ಹೋಗುವುದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮಾಮನಿಗೆ ತಿಳಿಯುತ್ತಿತ್ತು. ಅಂದು ಅವರು ಟ್ರಂಕಿನಿಂದ ಪದಕಗಳನ್ನು ತೆಗೆದು ಒರೆಸಿ ಮತ್ತೆ ಒಳಗಿಡುತ್ತಿದ್ದರು.

ಆ ಪದಕಗಳಲ್ಲಿ ಪಶ್ಚಿಮಿ ಸ್ಟಾರ್ ಒಂದು, ಸಂಗ್ರಾಮ್ ಮೆಡಲ್ ಒಂದು. ಎರಡೂ 1971ರ ಯುದ್ಧದವು. ಅವರಿದ್ದದ್ದು 9 ಎಂಜಿನಿಯರ್ ರೆಜಿಮೆಂಟಿನಲ್ಲಿ, ಪಾಕಿಸ್ತಾನದ ಶಕರ್‌ಗಢ ವಲಯದ ಬಸಂತರ್ ನದಿಯ ಕಡೆ. ಆ ಕದನವೆಂದರೆ ನಮಗೆ ನೆನಪಾಗುವುದು ಡಿಸೆಂಬರ್ 16ರಂದು ಟ್ಯಾಂಕಿನಲ್ಲೇ ಪ್ರಾಣ ಬಿಟ್ಟ, ಮರಣೋತ್ತರ ಪರಮವೀರ ಚಕ್ರ ಪಡೆದ ಅರುಣ್ ಖೇತ್ರಪಾಲ್. ಆ ಟ್ಯಾಂಕುಗಳು ನದಿ ದಾಟಿ ಮುಂದೆ ಹೋಗಬೇಕಾದರೆ ಮೊದಲು ಯಾರೋ ನೆಲದಲ್ಲಿ ಹುದುಗಿದ್ದ ಮೈನುಗಳ ನಡುವೆ ದಾರಿ ಮಾಡಬೇಕಿತ್ತು. ಅದನ್ನು ಮಾಡಿದವರು ಸ್ಯಾಪರ್‌ಗಳು, ಅಂದರೆ ಸೇನೆಯ ಎಂಜಿನಿಯರ್ ಪಡೆಯವರು. ಆ ಕೆಲಸದಲ್ಲಿ ಮುಂದೆ ನಿಂತು ಪ್ರಾಣ ತೆತ್ತ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಮಾಮ ತಮ್ಮ ಬಗ್ಗೆ ಹೇಳುತ್ತಿದ್ದದ್ದು ಕಡಿಮೆ, ಕೆಲಸದ ಬಗ್ಗೆ ಮಾತ್ರ ಹೇಳುತ್ತಿದ್ದರು. ಸಲಾಕೆಯನ್ನು ನೆಲಕ್ಕೆ ನೇರ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು, ನೇರ ಚುಚ್ಚಿದರೆ ಅದು ಮೈನಿನ ನೆತ್ತಿಗೇ ತಾಗುತ್ತದೆ, ಓರೆಯಾದರೆ ಪಕ್ಕೆಗೆ ತಾಗುತ್ತದೆ ಎನ್ನುತ್ತಿದ್ದರು. ತೆರವಾದ ಜಾಗದ ಎರಡೂ ಬದಿಗೆ ಬಿಳಿ ಪಟ್ಟಿ ಎಳೆಯುತ್ತಾರೆ, ಆ ಪಟ್ಟಿಗಳ ನಡುವೆ ಹೋದವನು ಉಳಿಯುತ್ತಾನೆ. ಅದಕ್ಕೆ ಸೇನೆಯಲ್ಲಿ ಲೇನ್ ಎನ್ನುತ್ತಾರೆ. ಮಾಮ ಅದನ್ನು ಕನ್ನಡಕ್ಕೆ ತಂದು, ಯಾವ ನಾಟಕೀಯತೆಯೂ ಇಲ್ಲದೆ, 'ರಾತ್ರೆಲ್ಲ ಕುಂತು ಓಣಿ ಮಾಡಿದ್ವಿ' ಎನ್ನುತ್ತಿದ್ದರು. ಎಷ್ಟೋ ವರ್ಷ ನಾನು ಅವರು ಅಲ್ಲಿ ಮನೆಗಳನ್ನು ಕಟ್ಟಿದ್ದರೆಂದೇ ತಿಳಿದಿದ್ದೆ.

ಇದನ್ನೆಲ್ಲ ಬರೆದು ಹುಡುಗರಿಗೆ ಓದಿ ಹೇಳಿದಾಗ ಅವರಿಗೆ ಮೈ ಜುಮ್ ಎಂದಿತೋ ಇಲ್ಲವೋ, ನನಗಂತೂ ಎಂದಿತ್ತು. ಓಣಿ ಮಾಡಿದವನ ಹೆಸರು ಓಣಿಗೆ, ಇದಕ್ಕಿಂತ ಸರಿಯಾದದ್ದು ಇನ್ನೇನು ಎಂಬ ಉತ್ಸಾಹದಲ್ಲಿ ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಓಣಿಯವರ ಸಭೆ ಕರೆದೆವು.

ಸಭೆಯ ಮೊದಲ ಒಂದು ಗಂಟೆ ಯಾವ ಓಣಿಯಲ್ಲಾದರೂ ನಡೆಯುವಂಥದ್ದೇ. ಆಧಾರ್, ಪಡಿತರ ಚೀಟಿ, ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲು, ಇ-ಖಾತಾ ಎಲ್ಲದರಲ್ಲೂ ವಿಳಾಸ ತಿದ್ದಿಸಬೇಕಾಗುತ್ತದೆ ಎಂದು ಕೆಲವರು, ಮನೆ ಸಂಖ್ಯೆ ಬದಲಾಗದಿದ್ದರೆ ತಿದ್ದಿಸುವ ಅಗತ್ಯವಿಲ್ಲ ಎಂದು ಕೆಲವರು. ಫಲಕದ ಮೇಲೆ ಇನಿಷಿಯಲ್ ಮುಂದೆಯೋ ಹಿಂದೆಯೋ, ಅಡ್ಡಹೆಸರು ಬೇಕೋ ಬೇಡವೋ, ಫಲಕದ ಖರ್ಚು ಕೊಡುವವರ ಹೆಸರೂ ಅದರ ಮೇಲೆ ಬರಬೇಕೋ ಎಂಬ ಚರ್ಚೆಗಳು. ಕೊನೆಯ ಪ್ರಶ್ನೆಯನ್ನು ಎತ್ತಿದವರು ಖರ್ಚು ಕೊಡಲು ಮುಂದಾದವರೇ ಆಗಿದ್ದರು.

ಆಮೇಲೆ ಒಬ್ಬ ಹಿರಿಯರು, ಬಳ್ಳಾರಿಯಲ್ಲಿ ಹೆಸರು ಬದಲಿಸಿ ಆದದ್ದೇನು ಎಂದು ಕೇಳಿದರು. ಅವರ ಮಾತು ಯೋಚಿಸುವಂತಿತ್ತು. ರಾಯಲ್ ಸರ್ಕಲ್ಲಿಗೆ ಗಡಿಗಿ ಚೆನ್ನಪ್ಪನವರ ಹೆಸರಿದೆ. ಆಟೋದವನಿಗೆ ಆ ಹೆಸರು ಹೇಳಿದರೆ ಒಂದು ಕ್ಷಣ ಯೋಚಿಸಿ, 'ಓ, ರಾಯಲ್ ಸರ್ಕಲ್ಲಾ' ಎನ್ನುತ್ತಾನೆ. ದಂಡು ಬಿಟ್ಟು ಹೋಗಿ ಎಷ್ಟೋ ಕಾಲವಾದರೂ ಕಂಟೋನ್ಮೆಂಟ್ ಕಂಟೋನ್ಮೆಂಟೇ, ಇನ್‌ಫೆಂಟ್ರಿ ರಸ್ತೆ ಇನ್‌ಫೆಂಟ್ರಿ ರಸ್ತೆಯೇ. ಬ್ರೂಸ್‌ಪೇಟೆಯ ಬ್ರೂಸ್ ಯಾವ ದೊರೆ ಎಂದು ಅಲ್ಲಿ ಬದುಕುವವರಲ್ಲಿ ನೂರಕ್ಕೆ ಒಬ್ಬರಿಗೂ ಗೊತ್ತಿರಲಾರದು, ಆದರೂ ಅವನ ಪೇಟೆ ಅಳಿಯಲಿಲ್ಲ. ದಂಡಿನ ನೆರಳಿನಲ್ಲೇ ಬೆಳೆದ ಕೌಲ್ ಬಜಾರ್ ತನ್ನ ಹೆಸರಿನಲ್ಲಿ ಕೌಲು ಎಂಬ ಕರಾರಿನ ಪದವನ್ನು ಇನ್ನೂ ಹೊತ್ತುಕೊಂಡಿದೆ, ಕರಾರು ಯಾರಿಗೂ ನೆನಪಿಲ್ಲ. ಇದಕ್ಕೆ ಎದುರಾಗಿ ನಿಲ್ಲುವುದು ಊರಿನ ಹೆಸರೇ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳನ್ನು ಬದಲಿಸಿದಾಗ ಬೆಲ್ಲಾರಿ ಬಳ್ಳಾರಿಯಾಯಿತು. ಒಂದು ದಿನವೂ ಯಾರೂ ತಡವರಿಸಲಿಲ್ಲ, ಏಕೆಂದರೆ ನಮ್ಮ ಬಾಯಲ್ಲಿ ಅದು ಎಂದೂ ಬೆಲ್ಲಾರಿ ಆಗಿರಲೇ ಇಲ್ಲ. ಬಾಯಲ್ಲಿದ್ದದ್ದು ಬೋರ್ಡಿಗೆ ಬಂದರೆ ನಿಲ್ಲುತ್ತದೆ, ಬೋರ್ಡಿನಿಂದ ಬಾಯಿಗೆ ಬರಬೇಕಾದರೆ ಎರಡು ತಲೆಮಾರು ಬೇಕು ಎಂದು ಆ ಹಿರಿಯರು ಹೇಳಿದ್ದಕ್ಕೆ ನಾನು ತಲೆಯಾಡಿಸಿದೆ.

ಮನೆಗೆ ಬಂದು ಹುಡುಕಿ ಓದಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಊರು, ರೈಲು ನಿಲ್ದಾಣಗಳ ಹೆಸರು ಬದಲಾವಣೆಯ ಬಗ್ಗೆ ಕೇಂದ್ರ ಗೃಹ ಸಚಿವಾಲಯವು ರಾಜ್ಯಗಳಿಗೆ ಸೂಚನೆಗಳನ್ನು ಕಳುಹಿಸಿದ್ದು 1953ರ ಸೆಪ್ಟೆಂಬರ್ 11ರಂದು. ಜನರಿಗೆ ಒಗ್ಗಿಹೋದ ಹೆಸರನ್ನು, ಚರಿತ್ರೆಯ ನಂಟಿರುವ ಹೆಸರನ್ನು ಆದಷ್ಟು ಮುಟ್ಟಬಾರದು, ಸ್ಥಳೀಯ ಅಭಿಮಾನವನ್ನು ತಣಿಸಲೆಂದೋ ನಾಯಕರಿಗೆ ಗೌರವ ತೋರಲೆಂದೋ ಮಾತ್ರ ಹೆಸರು ಬದಲಿಸಬಾರದು ಎಂಬುದು ಅದರ ಸಾರ. ಅದಾದ ಇಪ್ಪತ್ತೇ ದಿನಕ್ಕೆ, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋಗಿ, ಬಳ್ಳಾರಿ ಮದ್ರಾಸ್ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು. ಆ ಸೇರ್ಪಡೆಯ ಸಮಯದಲ್ಲಿ ಈ ಊರಿನಲ್ಲಿ ಜೀವ ತೆತ್ತವರು ಪೈಲ್ವಾನ್ ರಂಜಾನ್ ಸಾಬ್. ಅಭಿಮಾನಕ್ಕಾಗಿ ಹೆಸರು ಮುಟ್ಟಬೇಡಿ ಎಂದು ದೆಹಲಿ ಬರೆದ ತಿಂಗಳಲ್ಲೇ ಇಲ್ಲಿ ಅಭಿಮಾನಕ್ಕಾಗಿ ಜನ ಪ್ರಾಣದ ಹಂಗು ತೊರೆದು ನಿಂತಿದ್ದರು. ಹೀಗಾಗಿ ಆ ಸೂಚನೆಯನ್ನು ನಾನು ಪೂರ್ತಿ ಒಪ್ಪಲಾರೆ, ಆದರೆ ಅದರ ಮೊದಲ ಭಾಗ, ಜನರಿಗೆ ಒಗ್ಗಿಹೋದ ಹೆಸರು ಎಂಬ ಮಾತು, ಮನಸ್ಸಿನಲ್ಲಿ ಉಳಿಯಿತು. ನಮ್ಮ ಓಣಿಗೆ ಒಗ್ಗಿಹೋದ ಹೆಸರೊಂದು ಆಗಲೇ ಇದೆಯಲ್ಲ ಎಂಬುದು, ಸ್ವಲ್ಪ ನಾಚಿಕೆಯ ಸಂಗತಿಯೇ, ಆಗ ಹೊಳೆಯಿತು.

ಸೇದೋ ಬಾವಿ ಈಗ ಇಲ್ಲ. ಅಲ್ಲೀಪುರದ ಕೆರೆಯ ನೀರು ನಲ್ಲಿಗಳಲ್ಲಿ ಬರತೊಡಗಿದ ಮೇಲೆ ಅದರ ಬಳಕೆ ನಿಂತು, ಕಸ ಬಿದ್ದು, ಕೊನೆಗೆ ಯಾರೋ ಮಗು ಬಿದ್ದೀತೆಂದು ಚಪ್ಪಡಿ ಮುಚ್ಚಿ ಮೇಲೆ ಸಿಮೆಂಟ್ ಬಳಿದರು. ಈಗ ಅದು ಸಂಜೆ ಹೊತ್ತು ಮುದುಕರು ಕೂರುವ ಕಟ್ಟೆ. ನನ್ನ ನೆನಪಿನಲ್ಲಿ ಅದರ ಗಡಗಡೆಯ ಸದ್ದಿದೆ, ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ, ಬೇಸಿಗೆಯಲ್ಲಿ ಕೊಡ ತಳ ಮುಟ್ಟಿದಾಗ ಬರುತ್ತಿದ್ದ ಟಣ್ ಎಂಬ ಶಬ್ದವಿದೆ. ಎರಡನೆಯ ಸಭೆಯಲ್ಲಿ ನಾನು ಇದನ್ನೇ ಹೇಳಿದೆ. ಬಾವಿ ಹೋಗಿದೆ, ಅದರ ಗುರುತಾಗಿ ಹೆಸರೊಂದೇ ಉಳಿದಿದೆ, ಅದನ್ನೂ ತೆಗೆದರೆ ಇಲ್ಲಿ ನೀರಿತ್ತು ಎಂಬುದೇ ಮರೆತುಹೋಗುತ್ತದೆ ಎಂದೆ. ಚೆನ್ನಾಗಿಯೇ ಮಾತಾಡಿದೆ ಎಂದು ನನಗನ್ನಿಸಿತ್ತು.

ಆಗ ಹಿಂದಿನ ಓಣಿಯಿಂದ ಬಂದು ಕೊನೆಯಲ್ಲಿ ನಿಂತಿದ್ದ ಮೇಸ್ತ್ರಿ ಮಾತಾಡಿದರು. ಗಾರೆ ಕೆಲಸ ಮಾಡಿ ಈಗ ಮೊಣಕಾಲು ನೋವಿನಿಂದ ಮನೆಯಲ್ಲಿರುವವರು, ಎಪ್ಪತ್ತು ದಾಟಿದವರು. ಅವರ ಮಾತನ್ನು ಅವರದೇ ಬಾಯಲ್ಲಿ ಕೊಡುತ್ತೇನೆ: 'ಟೀಚರಮ್ಮಾ, ನಿಮಗೆ ಗಡಗಡೆ ಸದ್ದು ನೆನಪೈತೆ. ನಮ್ಮವ್ವ ಆ ಗಡಗಡೆ ಮುಟ್ಟಿದೋಳಲ್ಲ. ಕೊಡ ಇಟ್ಕೊಂಡು ದೂರ ಕುಂದ್ರೋಳು. ಯಾರಾದ್ರೂ ಸೇದಿ ಮ್ಯಾಲಿಂದ ಹೊಯ್ದ್ರೆ ನೀರು, ಇಲ್ಲಾಂದ್ರೆ ಬಿಸಿಲು. ಆ ಬಾವಿ ಹೆಸರು ಉಳಿಬೇಕು ಅಂತ ನಮಗೇನೂ ಇಲ್ಲ.'

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಆ ಕೊನೆಯ ಪದದ ತೂಕ ತಿಳಿದೀತು. ಮೇಲಿನಿಂದ ಹೊಯ್ಯುತ್ತಿದ್ದ ಕೈಗಳಲ್ಲಿ ನನ್ನ ತಾಯಿಯದೂ ಒಂದು. ಅವಳು ಅದನ್ನು ಪುಣ್ಯದ ಕೆಲಸವೆಂದೇ ನಂಬಿದ್ದಳು, ನಾನೂ ಮೊನ್ನೆಯವರೆಗೆ ಹಾಗೆಯೇ ನೆನೆಯುತ್ತಿದ್ದೆ. ಒಂದೇ ಬಾವಿಯ ನೆನಪು ಎರಡು ಓಣಿಗಳಲ್ಲಿ ಎರಡು ಬಗೆಯಾಗಿ ಇದೆ ಎಂಬುದು ನನಗೆ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲವೆಂದರೆ ಅದು ಕೇಳದೆ ಇದ್ದದ್ದರಿಂದ. ಆ ಸಭೆಯಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದು ಮೊದಲ ಕರಡನ್ನು ಹರಿದು, ಬಾವಿಯ ಹೆಸರು ಹೋಗಲಿ, ಹವಾಲ್ದಾರರ ಹೆಸರು ಬರಲಿ ಎಂದು ಎರಡನೆಯದನ್ನು ಬರೆದೆ. ಸಿಟ್ಟಿನಲ್ಲಿ ಬರೆದದ್ದರಿಂದಲೋ ಏನೋ, ಅದು ಮೊದಲನೆಯದಕ್ಕಿಂತ ಚೆನ್ನಾಗಿತ್ತು.

ಅದನ್ನು ತೆಗೆದುಕೊಂಡು ಅತ್ತೆಯ ಹತ್ತಿರ ಹೋದೆ. ಅತ್ತೆ ಎಂದರೆ ಹವಾಲ್ದಾರರ ಹೆಂಡತಿ, ರಕ್ತಸಂಬಂಧದವರಲ್ಲ, ಆದರೆ ಓಣಿಯಲ್ಲಿ ಮಾಮನ ಹೆಂಡತಿ ಅತ್ತೆಯೇ. ಇಡೀ ಓಣಿ ಎರಡು ಸಭೆ ನಡೆಸಿದ್ದರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಮನೆಯವರ ಒಪ್ಪಿಗೆ ಎಂದು ನಾವು ಪಡೆದದ್ದು ಮಗನ ಒಪ್ಪಿಗೆಯನ್ನು, ಅವನಿರುವುದು ಬೆಂಗಳೂರಿನಲ್ಲಿ. ಅತ್ತೆ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ನಿಧಾನವಾಗಿ, ತುಟಿಯಾಡಿಸುತ್ತ ಓದಿದರು. 'ಚೆಂದ ಬರೆದೀಯಮ್ಮಾ' ಎಂದರು. ಆಮೇಲೆ, 'ಆದ್ರೆ ಅವ್ರು ಈ ಓಣ್ಯಾಗ ಇದ್ದಿದ್ದು ಎಷ್ಟು ದಿನ ಹೇಳು' ಎಂದರು.

ಲೆಕ್ಕ ಹಾಕಿದೆವು. 1968ರಲ್ಲಿ ಮದುವೆ. 1988ರವರೆಗೆ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ರಜೆ. ಬರುವಾಗ ಹೆಗಲ ಮೇಲೆ ಕಪ್ಪು 'ಟ್ರಂಕು', ಹೋಗುವಾಗಲೂ ಅದೇ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವರು ಈ ಮನೆಯಲ್ಲಿ ಮಲಗಿದ ರಾತ್ರಿಗಳನ್ನು ಕೂಡಿಸಿದರೆ ಮೂರು ವರ್ಷವೂ ಆಗದು. 1971ರ ಡಿಸೆಂಬರ್ 3ರಿಂದ 17ರವರೆಗೆ, ಮತ್ತು ಅದಾದ ಮೇಲೂ ಪತ್ರ ಬರುವವರೆಗೆ, ಅತ್ತೆ ಕಾದದ್ದು ಇಲ್ಲಿ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ತಂತಿ ಬಂತೇನೋ ಎಂದು ಎದೆ ಹಾರುತ್ತಿತ್ತಂತೆ. ಓಣಿಯಲ್ಲಿ ರೇಡಿಯೊ ಇದ್ದದ್ದು ಒಂದೇ ಮನೆಯಲ್ಲಿ, ಆ ಮನೆಯವರು ಸುದ್ದಿ ಕೇಳಿ ಬಂದು ಹೇಳುತ್ತಿದ್ದದ್ದು ಬಾವಿಯ ಹತ್ತಿರ. ಓಣಿಯನ್ನು ನಡೆಸಿದವರ ಹೆಸರನ್ನೇ ಇಡುವುದಾದರೆ ಅತ್ತೆಯ ಹೆಸರನ್ನೇ ಇಡಬೇಕಾಗುತ್ತದೆ ಎಂದು ನಾನು ಹೇಳಿದಾಗ, ಅವರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

ಆಮೇಲೆ ಎದ್ದು ಅದೇ ಕಪ್ಪು ಟ್ರಂಕನ್ನು ತೆರೆದು, ಪದಕಗಳ ಕೆಳಗಿನಿಂದ ಒಂದು ಕಟ್ಟು ತೆಗೆದರು. ಹಳದಿ ದಾರದಲ್ಲಿ ಕಟ್ಟಿದ ಇನ್‌ಲ್ಯಾಂಡ್ ಪತ್ರಗಳು. ಒಳಗಿನದನ್ನು ನಾನು ಓದಲಿಲ್ಲ, ಅದು ನನ್ನದಲ್ಲ. ಹೊರಗಿನದನ್ನು ನೋಡಿದೆ.

ಕಳುಹಿಸಿದವರ ವಿಳಾಸದ ಜಾಗದಲ್ಲಿ ಸಂಖ್ಯೆ, ಹೆಸರು, ಘಟಕ, ಆಮೇಲೆ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿಯ ಸಂಖ್ಯೆ. ಕೆಲವು ಪತ್ರಗಳಲ್ಲಿ 99 ಎಪಿಒ. ಸೇನೆಯ ಅಂಚೆ ಹಾಗೆಯೇ, ಸೈನಿಕ ಯಾವ ಬೆಟ್ಟದ ಮೇಲಿದ್ದಾನೆ, ಯಾವ ನದಿಯ ದಂಡೆಯಲ್ಲಿದ್ದಾನೆ ಎಂಬುದು ಲಕೋಟೆಯ ಮೇಲೆ ತಿಳಿಯಬಾರದು. ಇಪ್ಪತ್ತು ವರ್ಷ ಆ ಮನುಷ್ಯನಿಗೆ ಊರಿರಲಿಲ್ಲ, ಬೀದಿಯಿರಲಿಲ್ಲ, ಒಂದು ಸಂಖ್ಯೆಯಿತ್ತು. ಎದುರಿನ ಬದಿಯಲ್ಲಿ ಮಾತ್ರ ಅವರು ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದರು. ಗುಂಡನೆಯ, ಒತ್ತಿ ಬರೆದ ಕನ್ನಡ ಅಕ್ಷರಗಳು. ಅತ್ತೆಯ ಹೆಸರು, ಮನೆ ಸಂಖ್ಯೆ, 'ಸೇದೋ ಬಾವಿ ಓಣಿ', ಬಳ್ಳಾರಿ. ಹಳೆಯ ಪತ್ರಗಳಲ್ಲಿ ಅದರ ಕೆಳಗೆ 'ಮೈಸೂರು ರಾಜ್ಯ' ಎಂದಿದೆ. 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಬಂದ ಮೇಲಿನವುಗಳಲ್ಲಿ 583101 ಸೇರಿಕೊಂಡಿದೆ. 1973ರ ನವೆಂಬರ್ ಆದ ಮೇಲೆ ಮೈಸೂರು ರಾಜ್ಯ ಹೋಗಿ 'ಕರ್ನಾಟಕ' ಬಂದಿದೆ, ಒಂದು ಪತ್ರದಲ್ಲಂತೂ ರೂಢಿಯಲ್ಲಿ ಮೈಸೂರು ಎಂದು ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ ಕರ್ನಾಟಕ ಎಂದು ಬರೆದಿದ್ದಾರೆ. ಮನೆ ಸಂಖ್ಯೆಯೂ ಒಮ್ಮೆ ಬದಲಾಗಿದೆ. ಓಣಿಯ ಸಾಲು ಮೊದಲ ಪತ್ರದಿಂದ ಕೊನೆಯ ಪತ್ರದವರೆಗೆ ಒಂದೇ.

ಅತ್ತೆ ಬೇಡವೆಂದು ಹೇಳಲಿಲ್ಲ. 'ನೀವೆಲ್ಲ ಕೂಡಿ ಮಾಡೋದು, ನಾನ್ಯಾಕೆ ಅಡ್ಡ ಬರ್ಲಿ' ಎಂದಷ್ಟೇ ಹೇಳಿ ಕಟ್ಟನ್ನು ಒಳಗಿಟ್ಟರು. ನಾನು ಮೇಸ್ತ್ರಿ ಹೇಳಿದ್ದನ್ನು ಅವರಿಗೆ ಹೇಳಿದೆ. ಅವರಿಗೆ ಅದು ಹೊಸತಲ್ಲ. ಮಾಮನೂ ಮೇಸ್ತ್ರಿಯೂ ಸ್ನೇಹಿತರಾಗಿದ್ದರು, ಅದನ್ನು ನಾನು ಮರೆತಿದ್ದೆ. ನಮ್ಮ ಓಣಿಗೂ ಹಿಂದಿನ ಓಣಿಗೂ ನಡುವೆ ದೊಡ್ಡ ಚರಂಡಿಯಿದೆ, ಮಳೆಗಾಲದಲ್ಲಿ ಅದು ತುಂಬಿದರೆ ಹಿಂದಿನವರು ಮುಖ್ಯ ರಸ್ತೆಗೆ ಬರಲು ಸುತ್ತಿ ಬಳಸಿ ಬರಬೇಕಿತ್ತು. ಸೇನೆಯಿಂದ ಬಂದ ಎರಡನೆಯ ಮಳೆಗಾಲದಲ್ಲಿ ಮಾಮ ಮೇಸ್ತ್ರಿಯನ್ನು ಕರೆದುಕೊಂಡು, ಇಬ್ಬರೂ ಸೇರಿ ಎಲ್ಲಿಂದಲೋ ಎರಡು ಉದ್ದನೆಯ ಚಪ್ಪಡಿ ಕಲ್ಲುಗಳನ್ನು ಸಲಾಕೆಯಿಂದ ಮೀಟುತ್ತ, ಮರದ ತುಂಡುಗಳ ಮೇಲೆ ಉರುಳಿಸುತ್ತ ತಂದು ಚರಂಡಿಗೆ ಅಡ್ಡ ಹಾಕಿದ್ದರು. ನನ್ನ ಕಣ್ಣೆದುರಿಗೇ ನಡೆದದ್ದು, ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಆ ಚಪ್ಪಡಿ ಇಂದಿಗೂ ಅಲ್ಲೇ ಇದೆ, ಹಾಲಿನ ಬೈಕುಗಳು ಈಗಲೂ ಅದರ ಮೇಲೇ ಹೋಗುತ್ತವೆ.

ಹಿಂದಿನ ಓಣಿಗೆ ಹೆಸರಿಲ್ಲ. ಹಿಂದಿನ ಓಣಿ ಎಂಬುದು ಹೆಸರಲ್ಲ, ನಾವು ಮುಂದಿದ್ದೇವೆ ಎಂಬುದರ ಘೋಷಣೆ. ಅಲ್ಲಿಯವರ ದಾಖಲೆಗಳಲ್ಲಿ ಒಬ್ಬರದರಲ್ಲಿ '3ನೇ ಅಡ್ಡ ರಸ್ತೆ', ಇನ್ನೊಬ್ಬರದರಲ್ಲಿ 'ಆಂಜನೇಯ ಗುಡಿ ಹಿಂಭಾಗ', ಮತ್ತೊಬ್ಬರದರಲ್ಲಿ ನಮ್ಮ ಓಣಿಯ ಹೆಸರೇ ಇದೆ. ಮೂರನೆಯ ಕರಡು ಅಲ್ಲಿಂದ ಹುಟ್ಟಿತು. ಇರುವ ಹೆಸರನ್ನು ಬದಲಿಸುವುದು ಬೇಡ, ಹೆಸರಿಲ್ಲದ ರಸ್ತೆಗೆ ಹವಾಲ್ದಾರರ ಹೆಸರಿಡಿ, ಚಪ್ಪಡಿಯ ಪಕ್ಕದಲ್ಲಿ ಫಲಕ ನಿಲ್ಲಿಸಿ ಎಂದು ಬರೆದೆ. ಬಾವಿಯ ಹೆಸರು ಉಳಿಯುವುದಾದರೆ ಅದರ ಪೂರ್ತಿ ಕಥೆಯೊಂದಿಗೆ ಉಳಿಯಲಿ ಎಂದು ಮೇಸ್ತ್ರಿಗೆ ಹೇಳಿದೆ. ಅವರು ಅದಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಇದು ಎಲ್ಲರಿಗೂ ಒಪ್ಪಿಗೆಯಾಗುತ್ತದೆಂದು ತಿಳಿದದ್ದು ನನ್ನ ತಪ್ಪು. ಮೂರನೆಯ ಸಭೆಯಲ್ಲಿ ಮೊದಲು ಸಿಟ್ಟಾದವರು ಅರ್ಜಿ ಬರೆಸಲು ಬಂದಿದ್ದ ಹುಡುಗರೇ. ದೇಶಕ್ಕಾಗಿ ದುಡಿದವರ ಹೆಸರನ್ನು ಹಿಂದಿನ ಓಣಿಗೆ ಇಡುವುದು ಅವರಿಗೆ ಅವಮಾನವಲ್ಲವೇ ಎಂದು ಒಬ್ಬ ಕೇಳಿದ. ಯಾವ ಅವಮಾನ, ಸ್ವಲ್ಪ ಬಿಡಿಸಿ ಹೇಳು ಎಂದೆ. ಅವನು ಬಿಡಿಸಿ ಹೇಳಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಯಾರಿಗೂ ಅವನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ, ಎಲ್ಲರಿಗೂ ಅರ್ಥವಾಗಿತ್ತು. ಫಲಕದ ಖರ್ಚು ಕೊಡಲು ಮುಂದಾಗಿದ್ದವರು, ಹಾಗಾದರೆ ತಮ್ಮ ಹಣವನ್ನು ಗುಡಿಯ ಬಾಗಿಲಿಗೆ ಕೊಡುತ್ತೇನೆಂದು ಹೇಳಿ ಎದ್ದು ಹೋದರು. ಹುಡುಗರಲ್ಲಿ ಇಬ್ಬರು ಮಾತ್ರ ಕೊನೆಯವರೆಗೆ ಉಳಿದರು. ಅವರಲ್ಲೊಬ್ಬ, ಹುತಾತ್ಮ ಎಂದು ಬರೆಯಿರಿ ಎಂದಿದ್ದವನೇ, ಮರುದಿನ ಬೆಳಿಗ್ಗೆ ಆ ಚಪ್ಪಡಿಯ ಅಳತೆ ತೆಗೆದುಕೊಂಡು ಬಂದು, ಅರ್ಜಿಯಲ್ಲಿ ಅದನ್ನೂ ಸೇರಿಸಿ ಎಂದ. ಉದ್ದ ಒಂಬತ್ತು ಅಡಿ. ಸೇರಿಸಿದೆ.

ಪಾಲಿಕೆಗಳ 1976ರ ಕಾಯ್ದೆಯಡಿ ಬೀದಿಗೆ ಹೆಸರಿಡುವ ಅಧಿಕಾರ ಪಾಲಿಕೆಯದು. ಮನವಿ ಕೊಡಬೇಕು, ಅದು ವಾರ್ಡಿನ ಸದಸ್ಯರ ಮೂಲಕ ಸಾಮಾನ್ಯ ಸಭೆಗೆ ಬರಬೇಕು, ಆಕ್ಷೇಪಣೆಗಳಿದ್ದರೆ ಕೇಳಬೇಕು. ಆಕ್ಷೇಪಣೆಗಳು ನಮ್ಮ ಓಣಿಯಿಂದಲೇ ಹೋಗುವ ಸಂಭವವಿದೆ, ಹೋಗಲಿ. ಈಗ ನಾನು ಮಾಡುತ್ತಿರುವುದು ಮನವಿಯ ಕೆಳಗೆ ಸಹಿ ಸಂಗ್ರಹ. ಕ್ರಮ ಸಂಖ್ಯೆ, ಹೆಸರು, ವಿಳಾಸ, ಸಹಿ ಎಂದು ನಾಲ್ಕು ಅಂಕಣ ಎಳೆದಿದ್ದೇನೆ. ಮೊದಲ ಸಹಿ ಅತ್ತೆಯದು. ವಿಳಾಸದಲ್ಲಿ ಸೇದೋ ಬಾವಿ ಓಣಿ ಎಂದು, ಆ ಪತ್ರಗಳಲ್ಲಿ ಇದ್ದ ಹಾಗೆಯೇ ಬಿಡಿಸಿ ಬರೆದರು.

ಎರಡನೆಯ ಸಹಿಗೆ ಮೇಸ್ತ್ರಿಯ ಮನೆಗೆ ಹೋದೆ. ಹೆಸರು ಬರೆದರು, ಸಹಿ ಹಾಕಿದರು, ನಡುವಿನ ಅಂಕಣ ಬಿಟ್ಟಿದ್ದರು. ವಿಳಾಸ ಮರೆತಿರಿ ಎಂದು ಪೆನ್ನನ್ನು ಮತ್ತೆ ಮುಂದೆ ಮಾಡಿದೆ. 'ಮರ್ತಿಲ್ಲ ಟೀಚರಮ್ಮಾ' ಎಂದರು, 'ಅದು ಮಂಜೂರಾಗಿ ಬರ್ಲಿ, ತುಂಬ್ತೀನಿ.'